ಹದಿನೇಳು ಹಳದಿ ಬಾವುಟ

ಜನವರಿ ೧೯, ಭಾನುವಾರ

ಇವತ್ತಿನ ಪತ್ರಿಕೆಯ ಮುಖಪುಟದಲ್ಲಿ ಮತ್ತೆ ಅದೇ ಗುಲಾಬಿ ಬಣ್ಣದ ಮರ. ‘ಬೆಂಗಳೂರಿಗೆ ವಸಂತ ಬಂತು’ ಎಂದು ದಪ್ಪ ಅಕ್ಷರ. ದಕ್ಷಿಣ ಅಮೆರಿಕದಿಂದ ತಂದು ನೆಟ್ಟ ಟಬೂಬಿಯಾ ಜನವರಿಯಲ್ಲಿ ಹೂ ಬಿಟ್ಟರೆ ಇವರ ಪಾಲಿಗೆ ವಸಂತ. ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಕಾರುಗಳ ಸಾಲು. ಅದೇ ಕಾರಿನ ಚಕ್ರದ ಪಕ್ಕ ನೆಗ್ಗಿಲು ಹಳದಿ ಹೂ ಬಿಟ್ಟುಕೊಂಡು ಬಿದ್ದಿರುತ್ತದೆ, ಅದು ಮಾತ್ರ ಕಸ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಮೂವತ್ತೊಂದು ವರ್ಷ ಸರ್ಕಾರಿ ಕಾಲೇಜಿನಲ್ಲಿ ಇಂಥವರ ಮಕ್ಕಳಿಗೇ ಸಸ್ಯಶಾಸ್ತ್ರ ಹೇಳಿದೆ. ಒಬ್ಬರಿಗೂ ಹತ್ತಿದ ಹಾಗೆ ಕಾಣೆ.

ಮೊನ್ನೆ ಶುಕ್ರವಾರ ಅಕ್ಬರಿಯನ್ನು ಮಣ್ಣು ಮಾಡಿದರು. ನನ್ನ ಅಕ್ಕ. ಹನ್ನೊಂದು ವರ್ಷದಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ಅವಳು ಸೇರಿದ ಮನೆ ಚಿಕ್ಕಜಾಲ ದಾಟಿ ಎರಡು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ. ಆ ಊರಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವ ವಾಡಿಕೆಯಿಲ್ಲ, ನನಗೂ ಒಳಗೆ ಏನೂ ಕೆಲಸವಿರಲಿಲ್ಲ. ಒಡಹುಟ್ಟಿದವಳು ಬರಲೇ ಇಲ್ಲ ಎಂದು ಜನ ಆಡಿಕೊಳ್ಳಬಾರದಲ್ಲ, ಅದಕ್ಕೆ ಹೋದೆ. ಚಪ್ಪಡಿ ಕಲ್ಲಿನ ಬೇಲಿಯಾಚೆ, ಹೊಂಗೆ ಮರದ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ ನಿಂತಿದ್ದೆ.

ಅಕ್ಕನನ್ನು ಹೊತ್ತ ಜನಾಜಾ ಬರುವುದಕ್ಕೆ ಇನ್ನೂ ಹೊತ್ತಿತ್ತು. ಗೋರಿ ತೋಡುವವನು ಗುದ್ದಲಿಯಲ್ಲಿ ಎತ್ತೆತ್ತಿ ಎಸೆಯುತ್ತಿದ್ದ ಮಣ್ಣಿನ ಜೊತೆ ಮುಷ್ಟಿಗಾತ್ರದ ಬಿಳಿ ಗೆಡ್ಡೆಯೊಂದು ಹಾರಿ ಬಂದು ಬೇಲಿಯ ಈಚೆ ಬಿತ್ತು. ಎತ್ತಿ ನೋಡಿದರೆ ಕಾಡು ಈರುಳ್ಳಿ! ೧೯೯೮ರಲ್ಲಿ ಜಕ್ಕೂರಿನ ಬಳಿ ಕಂಡದ್ದೇ ಕೊನೆ. ಆ ಬಯಲನ್ನು ಲೇಔಟು ನುಂಗಿತು, ಆಮೇಲೆ ಈ ಕಡೆಯಲ್ಲಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಚಳಿಗಾಲಕ್ಕೆ ಇದರ ಎಲೆ ಒಣಗಿ ಮಾಯವಾಗುತ್ತದೆ. ಮಾರ್ಚ್-ಏಪ್ರಿಲ್‌ನ ಬಿರುಬಿಸಿಲಿಗೆ ಎಲೆಯೇ ಇಲ್ಲದೆ ಬೋಳು ನೆಲದಿಂದ ದಂಟು ಏಳುತ್ತದೆ. ಹೂ ಅರಳುವುದು ಸಂಜೆಯ ಹೊತ್ತಿಗೆ. ಮರುದಿನ ನೋಡಲು ಹೋದರೆ ಬಾಡಿರುತ್ತದೆ. ಹೆಬ್ಬಾಳದಿಂದ ಚಿಕ್ಕಜಾಲದವರೆಗಿನ ಒಣನೆಲದ ಗಿಡಗಳು ಎಂದು ನಾನು ಜೀವಮಾನವೆಲ್ಲ ಮಾಡಿದ ಪಟ್ಟಿಯಲ್ಲಿ ನಾನೂರ ಹನ್ನೆರಡು ಹೆಸರಿವೆ. ಇದರ ಮುಂದೆ ‘ನಾಪತ್ತೆ’ ಎಂದು ಬರೆದಿದ್ದೆ. ಈ ವಸಂತದಲ್ಲಿ ಅದರ ಹೂ ನೋಡಿ, ಬೀಜ ಹಿಡಿದು, ಆ ಮಾತನ್ನು ಹೊಡೆದು ಹಾಕಬೇಕು.

ಅಕ್ಕನ ಸಾವಿನಿಂದ ಇಷ್ಟಾದರೂ ಉಪಯೋಗವಾಯಿತು.

ಜನವರಿ ೨೩, ಗುರುವಾರ

ಆರ್‌.ಟಿ. ನಗರದ ನನ್ನ ಮನೆಯಿಂದ ಆ ಹಳ್ಳಿಗೆ ಎರಡು ಬಸ್ಸು, ಒಂದು ಆಟೊ. ಗೋರಿ ತೋಡುವವನ ಹೆಸರು ತಾಜುದ್ದೀನ್. ಅರವತ್ತರ ಮೇಲಿರಬಹುದು, ಮಂಡಿ ನೋವಿನ ನಡಿಗೆ. ನನ್ನ ಸೀರೆ, ಕೈಯಲ್ಲಿದ್ದ ಪುಸ್ತಕ ನೋಡಿ ಕನ್ನಡದಲ್ಲೇ ಮಾತಾಡಿಸಿದ. ಸರ್ಕಾರದವಳು ಎಂದುಕೊಂಡಿರಬೇಕು. ನಾನೂ ತಿದ್ದಲಿಲ್ಲ. ಹೆಸರು ಕೇಳಿದ್ದಕ್ಕೆ “ಮೇಡಂ ಅಂದ್ರೆ ಸಾಕು” ಎಂದೆ.

ಅಕ್ಬರಿಯದು ಕೊನೆಯ ಸಾಲಿನ ಕೊನೆಯ ಗೋರಿ. ಅದರಾಚೆ ಅರ್ಧ ಎಕರೆ ಇನ್ನೂ ಗುದ್ದಲಿ ಕಾಣದ ನೆಲ. ತಂಗಡಿ, ಬಂದರೆ ಗಿಡ, ಕಾರೆ ಪೊದೆ, ನಡುನಡುವೆ ನೆಲಕ್ಕಂಟಿಕೊಂಡ ವಿಷ್ಣುಕ್ರಾಂತಿಯ ನೀಲಿ. ಸತ್ತವರು ಕಾಯುತ್ತಿದ್ದಾರೆಂದು ಇಷ್ಟು ಉಳಿದಿದೆ. ಬದುಕಿರುವವರ ಕೈಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಇಲ್ಲಿ ಒಂದು ಕಲ್ಯಾಣ ಮಂಟಪ ಎದ್ದಿರುತ್ತಿತ್ತು.

ಒಣಗಿದ ಎಲೆ ಇನ್ನೂ ಕಾಣುವಾಗಲೇ ಗುರುತು ಮಾಡಬೇಕಿತ್ತು. ಹಳೆಯ ಹಳದಿ ಪ್ಲಾಸ್ಟಿಕ್ ಚೀಲ ಕತ್ತರಿಸಿ, ಬಿದಿರು ಕಡ್ಡಿಗೆ ಕಟ್ಟಿ, ನಂಬರ್ ಬರೆದು ಇಪ್ಪತ್ತು ಬಾವುಟ ಮಾಡಿಕೊಂಡು ಹೋಗಿದ್ದೆ. ನಾನು ಬೇಲಿಯ ಹೊರಗೆ, ಅವನು ಒಳಗೆ. ಅವನಿಗೆ ಗಿಡ ಗೊತ್ತಿತ್ತು. “ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದ್ನ ಆಡೂ ಮುಟ್ಟಲ್ಲ ಮೇಡಂ” ಎಂದ. ಆದರೆ ಒಂದು ಕಡ್ಡಿ ನೆಟ್ಟಗೆ ನೆಡಲು ಬಾರದು. “ಓರೆ ಆಯ್ತಲ್ಲಯ್ಯಾ, ನಿನ್ನ ಕಣ್ಣೇನು ಸಂತೆಗೆ ಹೋಗಿದ್ಯಾ?” ಎಂದು ಮೊದಲ ಬಾವುಟದಿಂದಲೇ ಶುರು ಮಾಡಿ ಕೊನೆಯದರವರೆಗೂ ಬೈದೆ. ಬೈಸಿಕೊಂಡಷ್ಟೂ ನಗುತ್ತಾನೆ, ದಡ್ಡ.

ಎಣಿಕೆಯೂ ಬರುವುದಿಲ್ಲ. ನಾನು ಲೆಕ್ಕ ಹಾಕಿದ್ದು ಹದಿನಾರು ಗಿಡ, ಅವನು ನೆಟ್ಟದ್ದು ಹದಿನೇಳು ಬಾವುಟ. ಒಂಬತ್ತನೆಯದು ಅಕ್ಬರಿಯ ಗೋರಿಯ ಮಗ್ಗುಲಲ್ಲೇ ಇದೆ. ಮಣ್ಣಿನ ದಿಬ್ಬದ ಮರೆ, ನನಗೆ ಅಲ್ಲಿ ಎಲೆ ಕಾಣಲಿಲ್ಲ. “ಐತೆ ಮೇಡಂ, ನಾನ್ ನೋಡಿವ್ನಿ” ಎಂದ. ಸರಿ, ಹದಿನೇಳು ಎಂದೇ ಬರೆದುಕೊಂಡೆ.

ಫೆಬ್ರುವರಿ ೨, ಭಾನುವಾರ

ಅಕ್ಬರಿಯ ಮಗ ಮುದಸ್ಸಿರ್ ಫೋನ್ ಮಾಡಿದ್ದ. ಯಲಹಂಕದಲ್ಲಿ ಟೈಲ್ಸ್ ಅಂಗಡಿ, ಮಾತೂ ಅಷ್ಟೇ ನುಣುಪು. ಅಮ್ಮ ಕೊನೆಯ ವಾರ ನಿಮ್ಮನ್ನೇ ಕೇಳುತ್ತಿದ್ದಳು ಖಾಲಾ, ಆಸ್ಪತ್ರೆಗೆ ಬನ್ನಿ ಎಂದು ಮೂರು ಸಲ ಮೆಸೇಜ್ ಹಾಕಿದ್ದೆ ಎಂದ. ನೋಡಿರಲಿಲ್ಲ ಎಂದೆ. ನೋಡಿದ್ದೆ.

ಅಕ್ಬರಿ ಮಾಡಿದ್ದನ್ನು ಯಾರಾದರೂ ಕ್ಷಮಿಸಲಿ ನೋಡೋಣ. ಹನ್ನೊಂದು ವರ್ಷದ ಹಿಂದೆ ನನಗೆ ಟೈಫಾಯ್ಡ್ ಆದಾಗ ನೋಡಿಕೊಳ್ಳಲು ಬಂದಳು. ಬಂದವಳು ಸುಮ್ಮನೆ ಕೂರದೆ ಮನೆ ಚೊಕ್ಕ ಮಾಡಿದಳು. ಮಂಚದ ಕೆಳಗೆ ಹಳೆಯ ಪೇಪರಿನ ಕಟ್ಟುಗಳಿದ್ದವು. ಇಪ್ಪತ್ತೈದು ವರ್ಷ ನಾನು ತಂದು, ಒತ್ತಿ, ಒಣಗಿಸಿ, ಒಂದೊಂದು ಹಾಳೆಯ ನಡುವೆ ಒಂದೊಂದು ಗಿಡ ಇಟ್ಟಿದ್ದ ಕಟ್ಟುಗಳು. ಜಕ್ಕೂರಿನ ಕಾಡು ಈರುಳ್ಳಿಯೂ ಅದರಲ್ಲೇ ಇತ್ತು. ಅಷ್ಟನ್ನೂ ಪೇಪರಿನವನಿಗೆ ಹಾಕಿ ಬದಲಿಗೆ ನನಗೊಂದು ಸ್ಟೀಲ್ ಡಬ್ಬಿ ತಂದಿಟ್ಟಿದ್ದಳು. “ಕಸ ಇತ್ತು, ತೆಗೆಸಿದೆ” ಎಂದಳು, ಹೆಮ್ಮೆಯಿಂದ. ಜ್ವರದಲ್ಲೇ ಎದ್ದು ಅವಳನ್ನು ಮನೆಯಿಂದ ಹೊರಗೆ ಹಾಕಿದೆ.

ಅಮ್ಮ ಸತ್ತಾಗ ನನಗೆ ಏಳು ವರ್ಷ, ಅವಳಿಗೆ ಹದಿನಾರು. ಸಾಕಿದಳು, ಓದಿಸಿದಳು, ಸರಿ. ಅದಕ್ಕೆ ಇದನ್ನೂ ನುಂಗಿಕೊಳ್ಳಬೇಕೇ?

ಮುದಸ್ಸಿರ್ ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದ. ಅಮ್ಮನ ಪಕ್ಕ ಯಾರೋ ಹಳದಿ ಬಾವುಟ ನೆಟ್ಟಿದ್ದಾರಂತೆ. ನನಗೇನು ಗೊತ್ತು ಎಂದೆ.

ಫೆಬ್ರುವರಿ ೧೩, ಗುರುವಾರ

ಇವತ್ತು ಶಬೆ ಬರಾತ್, ಸತ್ತವರಿಗಾಗಿ ಪ್ರಾರ್ಥಿಸುವ ರಾತ್ರಿ. ಮೂರು ದಿನದಿಂದ ಊರಿನ ಗಂಡಸರು ಖಬರಸ್ತಾನ ಚೊಕ್ಕ ಮಾಡುತ್ತಿದ್ದಾರೆ. ವರ್ಷಕ್ಕೊಮ್ಮೆ ಸತ್ತವರ ನೆನಪಾಗುತ್ತದೆ, ಆಗ ಕೈಗೆ ಸಿಕ್ಕಿದ್ದೆಲ್ಲ ಕಳೆ. ತುಂಬೆ ಕಿತ್ತರು, ಉತ್ತರಾಣಿ ಕಿತ್ತರು, ವಿಷ್ಣುಕ್ರಾಂತಿಯನ್ನು ಸಲಿಕೆಯಲ್ಲಿ ಕೆರೆದರು. ಮೂಲೆಯಲ್ಲಿ ಎದೆಯೆತ್ತರ ಬೆಳೆದ ಕಾಂಗ್ರೆಸ್ ಗಿಡಕ್ಕೆ ಒಬ್ಬನೂ ಕೈ ಹಾಕಲಿಲ್ಲ, ಮೈ ನವೆಯಾಗುತ್ತದಂತೆ.

ತಾಜುದ್ದೀನ್ ಬಾವುಟಗಳ ಕಡೆಗೆ ಯಾರನ್ನೂ ಬಿಡಲಿಲ್ಲ. “ಆ ಕಡೆ ನಾನೇ ಮಾಡ್ತೀನಿ, ಬುಡಿ” ಎಂದು ಎಲ್ಲರನ್ನೂ ಕಳಿಸಿದ. ಅಷ್ಟರಮಟ್ಟಿಗೆ ಹೇಳಿದ ಮಾತು ಕೇಳುತ್ತಾನೆ. ಅಕ್ಬರಿಯ ಗೋರಿಯ ಮೇಲೆ ಯಾರೋ ಚೆಂಡುಹೂ ಸುರಿದಿದ್ದರು. ಅವಳಿಗೆ ಚೆಂಡುಹೂವಿನ ವಾಸನೆ ಆಗುತ್ತಿರಲಿಲ್ಲ, ತಲೆನೋವು ಬರುತ್ತಿತ್ತು. ಇಷ್ಟು ತಿಳಿಯದ ಮಗ.

ಫೆಬ್ರುವರಿ ೨೫, ಮಂಗಳವಾರ

ಮುದಸ್ಸಿರ್‌ನ ಮನೆಯಲ್ಲಿ ಇವತ್ತು ಅಕ್ಬರಿಯ ನಲವತ್ತನೇ ದಿನದ ಊಟ. ಹೋಗಲಿಲ್ಲ. ನನಗೆ ಖಬರಸ್ತಾನದಲ್ಲಿ ಕೆಲಸವಿತ್ತು. ಎಲೆಗಳೆಲ್ಲ ಉದುರಿ ಪುಡಿಯಾಗಿವೆ. ಈಗ ಬಾವುಟದ ಬುಡದಲ್ಲಿ ಬರೀ ಮಣ್ಣು. ನಾಲ್ಕು ಗಂಟೆ ಬಿಸಿಲಲ್ಲಿ ನಿಂತು ಬರೀ ಮಣ್ಣು ನೋಡಿ ಬಂದೆ.

ಬೇಲಿಯ ಹೊರಗೆ ಮುನಿವೆಂಕಟಮ್ಮ ಎಂಬ ಮುದುಕಿ ತುಂಬೆ ಹೂ ಬಿಡಿಸುತ್ತಿದ್ದಳು. ನಾಳೆ ಶಿವರಾತ್ರಿ, ಯಲಹಂಕದ ಮಾರ್ಕೆಟ್ಟಿನಲ್ಲಿ ಮಾರುತ್ತಾಳಂತೆ. ಕಣ್ಣಿಗೆ ಪೊರೆ ಬಂದಿದೆ, ಆದರೂ ಅಕ್ಕಿಕಾಳಿನಷ್ಟು ಹೂವನ್ನು ಉಗುರಲ್ಲಿ ಎತ್ತುವುದು ತಪ್ಪುವುದಿಲ್ಲ.

“ಅದ್ಯಾಕವ್ವ ದಿನಾ ಬಂದು ಅಲ್ಲೇ ನೋಡ್ತೀಯ?” ಎಂದಳು.

“ಕಾಡು ಈರುಳ್ಳಿ” ಎಂದೆ.

“ಇಮ್ಮಡಿ ನೋವ್ಗಾ? ಸುಟ್ಟು ಬಿಸಿ ಬಿಸಿ ತುಳೀಬೇಕು. ಈಗೆಲ್ಲಿ ಸಿಕ್ತದೆ? ಮಳೆ ಬಿದ್ ಮ್ಯಾಲೆ ದಂಟಿನ ಮೂಗ್ ಕಾಣ್ತದೆ ನೋಡು.” ಆಮೇಲೆ ದನಿ ತಗ್ಗಿಸಿದಳು. “ಊರಾಗೆ ಬ್ಯಾರೆ ಮಾತೈತೆ. ಯಾರೋ ದುಡ್ಡಿನೋರು ಒಟ್ಟಿಗೆ ಅದಿನೇಳು ಗೋರಿಗೆ ಜಾಗ ಇಡ್ಕಂಡವ್ರಂತೆ. ಬಾವುಟ ಆಕವ್ರಂತೆ.”

ನನಗೆ ನಗು ತಡೆಯಲಾಗಲಿಲ್ಲ. ಹದಿನೇಳು ಗೋರಿ! ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಇವರಿಗೆ ಬಿಡಿಸಿ ಹೇಳುವಷ್ಟು ಪುರುಸೊತ್ತು ನನಗಿಲ್ಲ. ಸುಮ್ಮನೆ ಬಂದೆ.

ಮಾರ್ಚ್ ೮, ಶನಿವಾರ

ಅಯ್ಯೋ ದೇವರೇ, ಇವರ ಬುದ್ಧಿಗಿಷ್ಟು.

ಇವತ್ತು ಹೋಗಿ ನೋಡಿದರೆ ಖಾಲಿ ಜಾಗದಲ್ಲಿ ನನ್ನವಲ್ಲದ ಬಾವುಟಗಳು. ಎಣಿಸಿದೆ, ಇಪ್ಪತ್ತಮೂರು. ಕೆಂಪು ರಿಬ್ಬನ್, ಹಸಿರು ಬಟ್ಟೆ, ಒಂದು ಕಡೆ ಕ್ರಿಕೆಟ್ ಸ್ಟಂಪು, ಇನ್ನೊಂದು ಕಡೆ ನಾಲ್ಕು ಇಟ್ಟಿಗೆ ಇಟ್ಟು ಮೇಲೆ ಮನೆತನದ ಹೆಸರು ಬರೆದ ಹಾಲೊ ಬ್ಲಾಕು. ದುಡ್ಡಿನವರು ಜಾಗ ಹಿಡಿದರೆ ನಾವೇನು ಕಡಿಮೆ ಎಂದು ಊರಿಗೆ ಊರೇ ಜಾಗ ಹಿಡಿದಿದೆ. ಬದುಕಿರುವವರೆಗೂ ಸೈಟಿಗೆ ಹೊಡೆದಾಟ, ಸತ್ತ ಮೇಲೂ ಕಾರ್ನರ್ ಸೈಟೇ ಬೇಕು. ಏರ್‌ಪೋರ್ಟ್ ರಸ್ತೆಗೆ ಜಮೀನು ಮಾರಿದ ಊರು, ಕಡ್ಡಿ ಕಂಡರೆ ಸಾಕು, ಬೆಲೆ ಕಟ್ಟುತ್ತದೆ.

ಯಾರೋ ಮೂರ್ಖ ನನ್ನ ಹದಿಮೂರನೇ ಬಾವುಟದ ಪಕ್ಕದಲ್ಲೇ ಗೂಟ ಹೊಡೆದಿದ್ದಾನೆ. ಗೆಡ್ಡೆ ಸೀಳಿದೆಯೋ ಏನೋ. ತಾಜುದ್ದೀನ್‌ನನ್ನು ಕರೆದು ಚೆನ್ನಾಗಿ ಬೈದೆ. ರಂಜಾನ್ ಉಪವಾಸದ ಬಾಯಿ, ಆದರೂ ಎದುರಾಡಲಿಲ್ಲ. “ನೀವೊಂದ್ಸಲ ಕಮಿಟಿಯೋರ ತಾವ ಬಂದು ಗಿಡ ಅಂತ ಏಳಿ ಮೇಡಂ. ನಾನ್ ಏಳಿದ್ರೆ ನಂಬಲ್ಲ” ಎಂದ. ಅವರ ಮುಂದೆ ನಿಂತು ಅರ್ಜಿ ಹಾಕಿಕೊಳ್ಳುವುದೊಂದು ಬಾಕಿ ನನಗೆ. ಆಗುವುದಿಲ್ಲ ಎಂದೆ.

ಮಾರ್ಚ್ ೧೫, ಶನಿವಾರ

ತಾಜುದ್ದೀನ್ ಇರಲಿಲ್ಲ. ಯಾರೋ ಹೊಸಬ ಗುದ್ದಲಿ ಹಿಡಿದು ಕೂತಿದ್ದ.

ಮುನಿವೆಂಕಟಮ್ಮ ಎಲ್ಲ ಹೇಳಿದಳು. ಬುಧವಾರ ಊರಿನ ಹಿರಿಯರೊಬ್ಬರು ತೀರಿಕೊಂಡರು. ಸಾಲಿನ ಪ್ರಕಾರ ಅವರಿಗೆ ಸಿಗಬೇಕಾದದ್ದು ಅಕ್ಬರಿಯ ಪಕ್ಕದ ಜಾಗ, ಅಂದರೆ ಒಂಬತ್ತನೇ ಬಾವುಟದ್ದು. ತಾಜುದ್ದೀನ್ ಅಲ್ಲಿ ತೋಡಲಿಲ್ಲ. ಅದನ್ನು ಬಿಟ್ಟು ಆಚೆ ತೋಡಿದ. ಯಾಕೆ ಬಿಟ್ಟೆ ಎಂದು ಮನೆಯವರು ಕೇಳಿದರೆ ಬಾಯಿ ಬಿಡಲಿಲ್ಲ. ಗಲಾಟೆಯಾಯಿತು. ಕಮಿಟಿ ಅಧ್ಯಕ್ಷ ಸರ್ದಾರ್ ಬಂದು, ಕೈ ಬಿಸಿ ಮಾಡಿಸಿಕೊಂಡು ಜಾಗ ಕಾಯುತ್ತಿದ್ದೀಯಾ ಎಂದು ಎಲ್ಲರೆದುರು ಕೇಳಿ ಕೆಲಸದಿಂದ ತೆಗೆದ. ಮೂವತ್ತೆರಡು ವರ್ಷದ ಕೆಲಸವಂತೆ. ಈದ್ ಮುಗಿದ ಮೇಲೆ ಜೆಸಿಬಿ ತರಿಸಿ, ಬಾವುಟ ಪೊದೆ ಎಲ್ಲ ಒಂದೂವರೆ ಅಡಿ ಕೆರೆದು, ನೆಲ ಸಮ ಮಾಡಿಸುತ್ತಾರಂತೆ. ಒಂದೂವರೆ ಅಡಿ! ಗೆಡ್ಡೆಗಳಿರುವುದು ಒಂದು ಅಡಿಯಲ್ಲಿ.

ಒಂದು ಗೆಡ್ಡೆಗೋಸ್ಕರ ಅನ್ನ ಕಳೆದುಕೊಂಡ ಪೆದ್ದ. ನನ್ನ ಡಿಗ್ರಿ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಇಷ್ಟು ನಿಯತ್ತಿರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಹೋಗಲಿಲ್ಲ. ಅವರ ಊರು, ಅವರ ಗೋರಿ, ಅವರ ಜಗಳ. ನನಗೇನು.

ಮಾರ್ಚ್ ೨೦, ಗುರುವಾರ

ಹೋಗಲಿಲ್ಲ.

ಮಾರ್ಚ್ ೨೩, ಭಾನುವಾರ

ನಿನ್ನೆ ಸಂಜೆ ಮೊದಲ ಮಳೆ. ಅಂಗಳದಲ್ಲಿ ನಿಂತು ನೆಂದೆ, ಶೀತ ಹಿಡಿಯಿತು. ಮಳೆ ಬಿದ್ದ ಮೇಲೆ ಮೂಗು ಕಾಣುತ್ತದೆ ಎಂದಿದ್ದಳಲ್ಲ ಮುದುಕಿ. ಬೆಳಿಗ್ಗೆ ಕೂರಲಾಗಲಿಲ್ಲ, ಹೋದೆ. ಖಬರಸ್ತಾನಕ್ಕಲ್ಲ, ತಾಜುದ್ದೀನ್‌ನ ಮನೆಗೆ.

ಶೀಟಿನ ಮನೆ, ಒಂದು ರೂಮು. ಹೆಂಡತಿ ಖುರ್ಷೀದ್ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿದವರೇ ಎದ್ದು ಒಂದೇ ಒಂದು ಕುರ್ಚಿ ಒರೆಸಿ ಕೊಟ್ಟರು. ಉಪವಾಸವಿದ್ದೂ ನನಗೆ ಚಹಾ ಮಾಡಲು ಹೊರಟರು. ನಾನೂ ಉಪವಾಸ ಎಂದು ಬಾಯಿಗೆ ಬಂತು, ತಡೆದುಕೊಂಡೆ. ಬೇಡ ಎಂದಷ್ಟೇ ಹೇಳಿದೆ.

“ನನ್ನ ಹೆಸರು ಹೇಳೋದಲ್ವೇನ್ರೀ? ಮೇಡಂ ನೆಡಿಸಿದ್ದು ಅಂತ?” ಎಂದೆ.

“ಗಿಡಕ್ಕೆ ಮಡಗಿರೋದು ಅಂತ ಏಳ್ದೆ ಮೇಡಂ. ಗಿಡ ಎಲ್ಲೈತೆ ತೋರ್ಸು ಅಂದ್ರು. ಬರೀ ಮಣ್ಣು. ಏನ್ ತೋರ್ಸ್ಲಿ?”

“ಒಂಬತ್ತನೇದನ್ನ ತೋಡಿಬಿಡಬೇಕಿತ್ತು. ಒಂದು ಗೆಡ್ಡೆ ಹೋದ್ರೆ ಹೋಗ್ತಿತ್ತು.”

ತಾಜುದ್ದೀನ್ ತಲೆ ತಗ್ಗಿಸಿಕೊಂಡರು. “ಅದು ಮಾತ್ರ ಆಗಕ್ಕಿಲ್ಲ ಬುಡಿ” ಎಂದರು. ಇಂಥ ಹಟಮಾರಿಯನ್ನು ನಾನು ಕಂಡಿಲ್ಲ. ಅಕ್ಬರಿಯೊಬ್ಬಳನ್ನು ಬಿಟ್ಟು.

ಬರುವಾಗ ಖುರ್ಷೀದ್ ಒಂದು ಉಂಡೆ ಹುಣಸೆಹಣ್ಣು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು. ಮೂರು ನಿಮಿಷದ ಮಾತು, ಒಂದು ಸಲ ಆಡಿದ್ದರೆ ಸಾಕಿತ್ತು.

ಏಪ್ರಿಲ್ ೧, ಮಂಗಳವಾರ

ನಿನ್ನೆ ಈದ್. ಇವತ್ತು ಸರ್ದಾರ್‌ನ ಹಾಲೊ ಬ್ಲಾಕ್ ಯಾರ್ಡಿಗೆ ಹೋದೆ. ಇಸ್ತ್ರಿ ಕೆಡದ ಬಿಳಿ ಶರ್ಟು, ಎರಡು ಫೋನು, ಅತ್ತರಿನ ಘಮಲು. ನನ್ನನ್ನು ಇಪ್ಪತ್ತು ನಿಮಿಷ ಕಾಯಿಸಿದ. ಗಿಡದ ವಿಷಯ ಎಲ್ಲ ಹೇಳಿದೆ, ಕ್ಲಾಸಿನಲ್ಲಿ ಹೇಳಿದ ಹಾಗೆ.

“ಮೇಡಂ, ನಾನೇ ಹೋಗಿ ನೋಡ್ದೆ. ಅಲ್ಲಿ ಏನೂ ಇಲ್ಲ” ಎಂದ.

“ಇನ್ನು ಎರಡು ವಾರದಲ್ಲಿ ಹೂವೇ ಬರುತ್ತೆ.”

“ಹದಿನಾಲ್ಕನೇ ತಾರೀಖು ಸೋಮವಾರ ಜೆಸಿಬಿಗೆ ಹೇಳಿದೀನಿ. ಅಷ್ಟರೊಳಗೆ ಬಂದ್ರೆ ತೋರ್ಸಿ, ನೋಡೋಣ. ಒಂದು ಬಾವುಟ ಆಗಿದ್ರೆ ಯಾರೋ ಪಾಪ ಮನೆಯೋರ ಪಕ್ಕ ಇರ್ಲಿ ಅಂತ ಇಟ್ರು ಅಂದ್ಕೋಬೋದಿತ್ತು. ಹದಿನೇಳು ಅಂದ್ರೆ ಜನ ಕೇಳ್ತಾರಾ?”

ತಾಜುದ್ದೀನ್‌ರನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಿ, ಅವರದ್ದೇನೂ ತಪ್ಪಿಲ್ಲ ಎಂದೆ. “ಅದನ್ನ ಹೇಳಕ್ಕೆ ನೀವ್ಯಾರು ಮೇಡಂ?” ಎಂದ. ಒರಟಾಗಿ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

“ನಾನು ಜೈನಾಬ್. ಅಕ್ಬರಿಯ ತಂಗಿ” ಎಂದೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಡಿದ ಮಾತು. ಅದೂ ಆ ಮನುಷ್ಯನ ಮುಂದೆ. ಅವನು ಎದ್ದು ನಿಂತ. ಮಾತು ತಟ್ಟನೆ ನಮ್ಮ ದಖನಿ ಉರ್ದುವಿಗೆ ತಿರುಗಿತು. ಅಕ್ಕ ಎನ್ನುವ ಹಾಗೆ ಬಾಜಿ, ಕೂತುಕೊಳ್ಳಿ ಎಂದ, ಒಳಗಿನಿಂದ ಹಬ್ಬದ ಶೀರ್ ಖುರ್ಮಾ ಪಾಯಸ ತರಿಸಿದ. ಅವನ ಮದುವೆಯಲ್ಲಿ ಅಕ್ಬರಿಯೇ ನಿಂತು ಅಡುಗೆ ಮಾಡಿಸಿದ್ದಳಂತೆ, ಬಾಣಸಿಗರನ್ನು ಬೈದು ಅಳಿಸಿದ್ದಳಂತೆ. ಹಾಗಾದರೆ ಆ ಒಂಬತ್ತು ನಂಬರ್ ನಿಮ್ಮ ಮನೆಯವರದೇ ಎಂದು ಕೇಳಿದ. ಅಲ್ಲ, ಅದೂ ಗಿಡವೇ ಎಂದೆ, ಕೋಪದಿಂದ.

ಆಮೇಲೆ ಒಂದು ಮಾತು ಕೇಳಿದ. ಎರಡೂವರೆ ತಿಂಗಳು ಬೇಲಿಯ ಹೊರಗೆ ಯಾಕೆ ನಿಂತಿರಿ? ವಾಡಿಕೆಯಿಲ್ಲ ನಿಜ, ಆದರೆ ಬೆಳಿಗ್ಗೆ ಹೊತ್ತು ಬಂದು ಒಂದು ಗಳಿಗೆ ಕೂತು ಹೋಗುವ ಹೆಂಗಸರು ಇದ್ದಾರೆ, ನಾವು ನೋಡಿಯೂ ನೋಡದ ಹಾಗೆ ಇರುತ್ತೇವೆ. ನೀವು ಕೇಳಲೇ ಇಲ್ಲವಲ್ಲ ಬಾಜಿ.

ಖಾಲಿ ಬಟ್ಟಲು ಕೆಳಗಿಟ್ಟು ಎದ್ದೆ. ತಾಜುದ್ದೀನ್ ನಾಳೆಯಿಂದ ಕೆಲಸಕ್ಕೆ ಬರಬಹುದು, ಗಿಡದ ಮಾತು ನಿಜವಾದರೆ ಉಳಿಯಬಹುದು ಎಂದು ಹೇಳಿ ಕಳಿಸಿದ.

ಏಪ್ರಿಲ್ ೮, ಮಂಗಳವಾರ

ಬೆಳಿಗ್ಗೆ ಆರಕ್ಕೇ ತಾಜುದ್ದೀನ್ ಭಾಯಿಯ ಫೋನು. “ಮೂಗ್ ಬಂದವೆ ಮೇಡಂ! ಏಳು!” ನಾನು ರಸ್ತೆಯಲ್ಲಿದ್ದೆ, ಹಾಲಿನ ಪ್ಯಾಕೆಟ್ ಕೈಯಿಂದ ಬಿತ್ತು. ಯಾವ ಯಾವುದು ಎಂದೆ. ಒಂದು, ಮೂರು, ನಾಲ್ಕು, ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾರು. ಹದಿಮೂರು ಗೂಟ ತಿಂದೂ ಬದುಕಿದೆ. ಒಂಬತ್ತು? “ಇಲ್ಲ” ಎಂದರು.

ಏಪ್ರಿಲ್ ೧೧, ಶುಕ್ರವಾರ

ಹದಿನಾಲ್ಕು. ಅವರು ಗೇಣಲ್ಲಿ ಅಳೆದು ಹೇಳುತ್ತಾರೆ, ನಾನು ಇಲ್ಲಿ ಸೆಂಟಿಮೀಟರಿಗೆ ತಿರುಗಿಸಿಕೊಳ್ಳುತ್ತೇನೆ. ಗೇಣು ತಪ್ಪುವುದೇ ಇಲ್ಲ. ನನ್ನ ಲ್ಯಾಬಿನ ಹುಡುಗರು ಸ್ಕೇಲು ಹಿಡಿದೂ ತಪ್ಪುತ್ತಿದ್ದರು. ಒಂಬತ್ತಕ್ಕೆ ನೀರು ಹಾಕಿ ಎಂದೆ. “ಬ್ಯಾಡ ಬುಡಿ” ಎಂದರು. ಸೋಮವಾರಕ್ಕೆ ಮೂರೇ ದಿನ. ಹೂ ಅರಳದಿದ್ದರೆ ಬರೀ ದಂಟು ತೋರಿಸಿ ಆ ಹಾಲೊ ಬ್ಲಾಕಿನವನನ್ನು ಒಪ್ಪಿಸುವುದು ಹೇಗೆ?

ಏಪ್ರಿಲ್ ೧೩, ಭಾನುವಾರ

ಮಧ್ಯಾಹ್ನ ಮೂರಕ್ಕೆ ಹೋದೆ. ಬೇಲಿಯ ಹತ್ತಿರ ಅಭ್ಯಾಸಬಲದಿಂದ ನಿಂತೆ. ತಾಜುದ್ದೀನ್ ಭಾಯಿ ಗೇಟು ತೆರೆದು ಹಿಡಿದುಕೊಂಡು ನಿಂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಹದಿನಾರು ದಂಟು, ಮೊಳದುದ್ದ, ಬೋಳು ನೆಲದಿಂದ ನೆಟ್ಟಗೆ ಎದ್ದು ನಿಂತಿದ್ದವು. ನಾಲ್ಕೂಕಾಲಿಗೆ ಮೂರನೆಯದರಲ್ಲಿ ಕೆಳಗಿನ ಮೊಗ್ಗು ಬಿರಿಯಿತು, ಐದರ ಹೊತ್ತಿಗೆ ಎಲ್ಲದರಲ್ಲೂ ಒಂದೆರಡು ಹೂ ಬಿಚ್ಚಿಕೊಂಡವು. ಮಂಡಿಯೂರಿ ಒಂದೊಂದನ್ನೂ ನೋಡಿದೆ. ಇಪ್ಪತ್ತೇಳು ವರ್ಷವಾಗಿತ್ತು.

ಸರ್ದಾರ್ ಬಂದ, ಹಿಂದೆ ಕಮಿಟಿಯ ನಾಲ್ವರು. ಹೂವಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದ. “ಇಷ್ಟೇನಾ ಬಾಜಿ?” ಎಂದ. ಹೌದು, ಇಷ್ಟೇ. ಮಾಸಲು ಬಿಳಿ, ಮೇಲೊಂದು ಕಂದು-ಹಸಿರು ಗೆರೆ, ತಲೆ ತಗ್ಗಿಸಿಕೊಂಡ ಹೂ. ಗುಲಾಬಿ ಮರದ ಮುಂದೆ ಇದಕ್ಕೆ ಯಾರು ಫೋಟೊ ತೆಗೆಯುತ್ತಾರೆ? ಆದರೆ ಅವನಿಗೆ ಎಣಿಸಲು ಬರುತ್ತದೆ. ಪ್ರತಿ ಬಾವುಟದ ಬುಡದಲ್ಲೂ ಒಂದೊಂದು ದಂಟು ನೋಡುತ್ತಾ ಹೋದ, ಒಂಬತ್ತನೆಯದರ ಹತ್ತಿರ ಬಂದು ನಿಂತ, ಅಕ್ಬರಿಯ ಗೋರಿಯನ್ನೂ ನನ್ನನ್ನೂ ನೋಡಿದ, ಏನೂ ಕೇಳದೆ ಮುಂದೆ ಹೋದ. ಅಲ್ಲೇ ನಿಂತು ಜೆಸಿಬಿಯವನಿಗೆ ಫೋನ್ ಮಾಡಿ ಬರುವುದು ಬೇಡ ಎಂದ. ತಾಜುದ್ದೀನ್ ಭಾಯಿಯ ಹೆಗಲ ಮೇಲೆ ಕೈಯಿಟ್ಟು ಎಲ್ಲರೂ ಕೇಳುವ ಹಾಗೆ ತಪ್ಪಾಯಿತು ಎಂದ. ಅವನ ಶರ್ಟಿನ ಬಗ್ಗೆ ನಾನು ಬರೆದದ್ದು ಹಾಗೇ ಇರಲಿ, ಶರ್ಟು ಅತಿಯೇ.

ಅವರೆಲ್ಲ ಹೋದ ಮೇಲೆ ಒಂಬತ್ತನೇ ಬಾವುಟದ ಬುಡವನ್ನು ಬೆರಳಲ್ಲಿ ಕೆದಕಿದೆ. ಗೆಡ್ಡೆ ಕೊಳೆತಿರಬೇಕು, ನೋಡೋಣ ಎಂದು. ಒಂದು ಗೇಣು ಕೆದಕಿದರೂ ಏನೂ ಸಿಗಲಿಲ್ಲ.

“ಅದ್ರ ಕೆಳಗೆ ಏನೂ ಇಲ್ಲ ಮೇಡಂ” ಎಂದರು ತಾಜುದ್ದೀನ್ ಭಾಯಿ. “ಅವತ್ತೂ ಇರ್ಲಿಲ್ಲ.”

“ಮತ್ತೆ ಯಾಕ್ರೀ ನೆಟ್ಟಿರಿ? ಕೆಲಸ ಹೋಗೋವರೆಗೂ ಯಾಕೆ ಬಿಡಲಿಲ್ಲ?”

“ಮೊದ್ಲ ಬಾವುಟ ಓರೆ ಆಯ್ತು ಅಂತ ಬೈದ್ರಲ್ಲ, ಅವಾಗ್ಲೇ ಗೊತ್ತಾಯ್ತು ನೀವ್ಯಾರು ಅಂತ. ಅಕ್ಬರಿಬೀ ಇಂಗೇ ಬೈಯೋರು. ಇದೇ ದನಿ, ಇದೇ ಮಾತು. ತಂಗಿ ಒಬ್ಳವ್ಳೆ, ನನ್ ಮ್ಯಾಲೆ ಕೋಪ ಮಾಡ್ಕಂಡವ್ಳೆ ಅಂತ ಏಳೋರು. ಗಿಡದ ನೆಪ ಮಾಡ್ಕಂಡು ಆಚೆ ನಿಂತವ್ರೆ, ಒಳಗ್ ಬರ್ತಾರೋ ಇಲ್ವೋ, ಅಕ್ಕನ್ ಮಗ್ಗುಲಾಗೆ ಒಂದು ಜಾಗ ಇರ್ಲಿ ಅಂತ ಮಡಗ್ದೆ. ಒಂಬತ್ತನೇದು ಯಾರ್ದು ಅಂತ ಕಮಿಟಿಯೋರು ಕೇಳ್ದಾಗ ಸುಳ್ಳೇಳಕ್ಕೆ ಆಗ್ಲಿಲ್ಲ, ನಿಮ್ ಎಸ್ರೇಳಕ್ಕೂ ಆಗ್ಲಿಲ್ಲ.”

ನನ್ನ ಅಕ್ಕನ, ನನ್ನ ಆಪಾಳ ಮಣ್ಣಿನ ಮೇಲೆ ಕೈಯಿಟ್ಟುಕೊಂಡು ಅತ್ತೆ. ಅರವತ್ತಮೂರು ವರ್ಷದವಳು, ಮೂಗು ಸೋರಿಸಿಕೊಂಡು, ಏಳು ವರ್ಷದವಳ ಹಾಗೆ. ತಾಜುದ್ದೀನ್ ಭಾಯಿ ಆ ಕಡೆ ತಿರುಗಿ ಕಾಂಗ್ರೆಸ್ ಗಿಡ ಕೀಳತೊಡಗಿದರು.

ಮನೆಗೆ ಬಂದು ಪಟ್ಟಿ ತೆಗೆದು ಕಾಡು ಈರುಳ್ಳಿಯ ಮುಂದಿನ ‘ನಾಪತ್ತೆ’ಯನ್ನು ಹೊಡೆದು ಹಾಕಿದೆ. ಬಾವುಟಗಳ ಪುಸ್ತಕದಲ್ಲಿ ಒಂದರಿಂದ ಹದಿನೇಳರವರೆಗೂ ಹೂ ಬಿಟ್ಟ ಹೊತ್ತು ಬರೆದೆ. ಒಂಬತ್ತರ ಮುಂದೆ ‘ಗಿಡವಿಲ್ಲ’ ಎಂದು ಬರೆದಿದ್ದನ್ನು ಅಳಿಸಿ ‘ಕಾದಿರಿಸಿದೆ’ ಎಂದು ಬರೆದೆ.